ಪ್ರಾಜೆಕ್ಟ್ ಪರೀಕ್ಷೆಯಲ್ಲಿ ದೋಷ ಹುಡುಕುವುದಕ್ಕೂ ಅಂಕ ಇರಲಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಎಂಜಿನಿಯರಿಂಗ್, ಬಿಸಿಎ ಮತ್ತು ಡಿಪ್ಲೊಮಾ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಈಗ ಹೆಚ್ಚಿನ ಮಟ್ಟಿಗೆ ವೆಬ್ ಅಪ್ಲಿಕೇಷನ್ ಎಂದೇ ಅರ್ಥ. ಹೋಂಸ್ಟೇ ಬುಕಿಂಗ್, ಕಾಫಿ ತೋಟದ ಆಳುಗಳ ಹಾಜರಿ, ಸಹಕಾರ ಸಂಘದ ಸದಸ್ಯರ ಪಟ್ಟಿ, ಹೀಗೆ ವಿಷಯ ಯಾವುದೇ ಇರಲಿ, ಜಾಂಗೋ, ಲಾರಾವೆಲ್, ಎಕ್ಸ್‌ಪ್ರೆಸ್, ರಿಯಾಕ್ಟ್ ಮುಂತಾದ ಸಿದ್ಧ ಕೋಡಿನ ಚೌಕಟ್ಟುಗಳಲ್ಲಿ (ಫ್ರೇಮ್‌ವರ್ಕ್) ಒಂದೆರಡನ್ನು ಸೇರಿಸಿ ವಿದ್ಯಾರ್ಥಿಗಳು ನೋಡಲು ಅಚ್ಚುಕಟ್ಟಾದ ಜಾಲತಾಣವೊಂದನ್ನು ನಿಲ್ಲಿಸಿಬಿಡುತ್ತಾರೆ. ಪ್ರದರ್ಶನದ ದಿನ ಅದು ಓಡುತ್ತದೆ, ಪರೀಕ್ಷಕರು ನಾಲ್ಕು ಗುಂಡಿ ಒತ್ತಿ ನೋಡುತ್ತಾರೆ, ಅಂಕವೂ ಬರುತ್ತದೆ. ಅದೇ ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆಂದು ನಮ್ಮಂತಹ ಚಿಕ್ಕ ಕಚೇರಿಗಳಿಗೆ ಬಂದಾಗ, ಪರದೆಯ ಮೇಲೆ ಕೆಂಪು ಅಕ್ಷರದ ಹತ್ತು ಸಾಲು ಮೂಡಿದ ಕೂಡಲೇ ಮುಂದೇನು ಮಾಡಬೇಕೆಂದು ತೋಚದೆ ಕೂರುವುದನ್ನು ವರ್ಷವೂ ನೋಡುತ್ತಿದ್ದೇನೆ. ಇದು ಅವರ ಬುದ್ಧಿಯ ಕೊರತೆಯಲ್ಲ. ಕಟ್ಟುವುದನ್ನು ನಾವು ಕಲಿಸುತ್ತಿದ್ದೇವೆ, ಕೆಟ್ಟದ್ದನ್ನು ಹುಡುಕುವುದನ್ನು ಎಲ್ಲಿಯೂ ಕಲಿಸುತ್ತಿಲ್ಲ, ಪರೀಕ್ಷಿಸುತ್ತಲೂ ಇಲ್ಲ. ಈ ಕುರಿತು ತಮ್ಮ ಪತ್ರಿಕೆಯ ಮೂಲಕ ನಮ್ಮ ಭಾಗದ ಅಧ್ಯಾಪಕರ ಗಮನ ಸೆಳೆಯಲು ಈ ಪತ್ರ.

ಫ್ರೇಮ್‌ವರ್ಕ್‌ಗಳು ಹುಟ್ಟಿದ್ದೇ ನಮ್ಮ ಕೆಲಸವನ್ನು ಹಗುರ ಮಾಡಲು. 2005ರಲ್ಲಿ ಜಾಂಗೋ, 2011ರಲ್ಲಿ ಲಾರಾವೆಲ್ ಬಂದಾಗಿನಿಂದ ಲಾಗಿನ್, ಫಾರಂ, ಡೇಟಾಬೇಸ್ ಸಂಪರ್ಕ ಮುಂತಾದವನ್ನು ಪ್ರತಿಯೊಬ್ಬರೂ ಮೊದಲಿನಿಂದ ಬರೆಯುವ ಕಾಟ ತಪ್ಪಿತು. 2013ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ರಿಯಾಕ್ಟ್ ಪರದೆಯ ಕೆಲಸವನ್ನು ಅದೇ ರೀತಿ ಸುಲಭ ಮಾಡಿತು. ಆದರೆ ನಮ್ಮ ಪರವಾಗಿ ಇನ್ನೊಬ್ಬರು ಬರೆದ ಸಾವಿರಾರು ಸಾಲುಗಳ ಮೇಲೆ ನಾವು ಬರೆದ ನೂರು ಸಾಲು ಕುಳಿತಿರುವಾಗ, ಏನಾದರೂ ಕೈಕೊಟ್ಟರೆ ದೋಷ ಯಾವ ಪದರದಲ್ಲಿದೆ ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಹಾಗಿದ್ದರೂ ಫ್ರೇಮ್‌ವರ್ಕ್ ಮೂಗನಂತೇನೂ ಕೂರುವುದಿಲ್ಲ. ಪೈಥಾನ್‌ನ ದೋಷವರದಿಯಲ್ಲಿ ಏನಾಯಿತು ಎಂಬುದು ಕೊನೆಯ ಸಾಲಿನಲ್ಲಿರುತ್ತದೆ. ಅಲ್ಲಿಂದ ಮೇಲಕ್ಕೆ ಓದುತ್ತಾ ಹೋದರೆ ನಮ್ಮದೇ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆ ಮೊದಲು ಎಲ್ಲಿ ಸಿಗುತ್ತದೆಯೋ, ಬಹಳಷ್ಟು ಸಲ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಈ ಎರಡು ವಾಕ್ಯಗಳನ್ನು ಪ್ರಯೋಗಾಲಯದ ಗೋಡೆಗೆ ಬರೆದು ಹಾಕಿದರೂ ಸಾಕು, ಅರ್ಧ ಸೆಮಿಸ್ಟರಿನ ಗೋಳು ತಪ್ಪುತ್ತದೆ. ಈಗಂತೂ ಮಕ್ಕಳು ವರದಿಯನ್ನು ಓದದೆಯೇ ಇಡಿಯಾಗಿ ಎತ್ತಿ ಎಐ ಸಹಾಯಕನ ಮುಂದೆ ಸುರಿಯುತ್ತಾರೆ.

ತೋಟದ ಪಂಪ್‌ಸೆಟ್ ನಿಂತುಹೋದರೆ ಅನುಭವಸ್ಥ ಮೆಕ್ಯಾನಿಕ್ ಬಂದ ಕೂಡಲೇ ಮೋಟಾರ್ ಬಿಚ್ಚುವುದಿಲ್ಲ; ಕರೆಂಟು ಇದೆಯೇ, ಫ್ಯೂಸ್ ಸರಿಯಿದೆಯೇ, ಸ್ಟಾರ್ಟರ್ ತನಕ ಬಂದಿದೆಯೇ ಎಂದು ಟೆಸ್ಟರ್ ಹಿಡಿದು ಒಂದೊಂದೇ ಕಡೆ ನೋಡುತ್ತಾ ಬರುತ್ತಾನೆ. ವೆಬ್ ಅಪ್ಲಿಕೇಷನ್ನಿನಲ್ಲಿಯೂ ಮೊದಲು ತಿಳಿಯಬೇಕಾದದ್ದು ದೋಷ ಬ್ರೌಸರ್‌ನಲ್ಲಿದೆಯೇ, ಸರ್ವರ್‌ನಲ್ಲಿದೆಯೇ, ಡೇಟಾಬೇಸ್‌ನಲ್ಲಿದೆಯೇ ಎಂಬುದು. ಟೆಸ್ಟರ್ ಎಲ್ಲರ ಬಳಿಯೂ ಇದೆ: ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಎಫ್ 12 ಕೀಲಿ ಒತ್ತಿ ನೆಟ್‌ವರ್ಕ್ ಎಂಬ ಭಾಗ ತೆರೆದರೆ, ಬ್ರೌಸರ್ ಯಾವ ವಿಳಾಸಕ್ಕೆ ಏನು ಕಳುಹಿಸಿತು, ಸರ್ವರ್ ಯಾವ ಸಂಖ್ಯೆಯೊಂದಿಗೆ ಉತ್ತರ ಕೊಟ್ಟಿತು ಎಂಬುದೆಲ್ಲ ಅಲ್ಲಿದೆ. 404 ಬಂದರೆ ವಿಳಾಸ ತಪ್ಪಿದೆ. 403 ಬಂದರೆ ಸರ್ವರ್ ವಿನಂತಿಯನ್ನು ಅರ್ಥ ಮಾಡಿಕೊಂಡೇ ನಿರಾಕರಿಸಿದೆ. 500 ಬಂದರೆ ಬ್ರೌಸರ್‌ನ ಕೋಡನ್ನು ಬಿಟ್ಟು ಸರ್ವರ್‌ನ ಲಾಗ್ ಕಡತವನ್ನು ತೆರೆಯಬೇಕು. ಲಾರಾವೆಲ್‌ನಲ್ಲಿ ಕಾಣುವ 419 ಆ ಫ್ರೇಮ್‌ವರ್ಕ್ ತಾನೇ ಇಟ್ಟುಕೊಂಡ ಸಂಖ್ಯೆ. ಫಾರಂನಲ್ಲಿ ಸಿಎಸ್‌ಆರ್‌ಎಫ್ ಟೋಕನ್ (ಕೋರಿಕೆ ನಮ್ಮದೇ ತಾಣದ ಫಾರಂನಿಂದ ಬಂದದ್ದೆಂದು ಖಚಿತಪಡಿಸುವ ಗುಪ್ತ ಗುರುತು) ಇಲ್ಲ ಅಥವಾ ಸೆಷನ್ ಮುಗಿದಿದೆ ಎಂಬುದು ಅದರ ತಾತ್ಪರ್ಯ. ಇಷ್ಟನ್ನು ನೋಡದೆ ಕೋಡು ತಿದ್ದಲು ಕೂರುವುದು ಸಮಯದ ದಂಡ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ದೋಷದ ಕಾರಣ ತಿಳಿಯದಿದ್ದಾಗ ವಿದ್ಯಾರ್ಥಿಗಳು ಅದನ್ನು ಪತ್ತೆ ಮಾಡುವ ಬದಲು ಅದನ್ನು ತೋರಿಸುತ್ತಿರುವ ಕಾವಲನ್ನೇ ತೆಗೆದುಹಾಕುತ್ತಾರೆ. ರಿಯಾಕ್ಟ್ ಭಾಗ 3000ನೇ ಪೋರ್ಟ್‌ನಲ್ಲಿ (ಒಂದೇ ಯಂತ್ರದ ಬೇರೆ ಬೇರೆ ಪ್ರೋಗ್ರಾಂಗಳನ್ನು ಗುರುತಿಸುವ ಸಂಖ್ಯೆ), ಜಾಂಗೋ ಭಾಗ 8000ನೇ ಪೋರ್ಟ್‌ನಲ್ಲಿ ಓಡುವಾಗ ಬರುವ ಕಾರ್ಸ್ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಯಂತ್ರ ಒಂದೇ ಆದರೂ ಪೋರ್ಟ್ ಬೇರೆಯಾದ್ದರಿಂದ ಬ್ರೌಸರ್ ಇವೆರಡನ್ನು ಬೇರೆ ಬೇರೆ ಮೂಲಗಳೆಂದು ಪರಿಗಣಿಸುತ್ತದೆ; ಸರ್ವರ್ ಉತ್ತರ ಕೊಟ್ಟರೂ, ಅನುಮತಿಯ ಹೆಡರ್ ಇಲ್ಲದಿದ್ದರೆ ಬ್ರೌಸರ್ ಆ ಉತ್ತರವನ್ನು ಪುಟದ ಕೋಡಿಗೆ ಒಪ್ಪಿಸುವುದಿಲ್ಲ. ಪೋಸ್ಟ್‌ಮನ್ ಎಂಬ, ಬ್ರೌಸರ್ ಇಲ್ಲದೆ ಸರ್ವರ್‌ಗೆ ನೇರವಾಗಿ ಕೋರಿಕೆ ಕಳುಹಿಸುವ ತಂತ್ರಾಂಶದಲ್ಲಿ ಬರುವ ಉತ್ತರ ಬ್ರೌಸರ್‌ನಲ್ಲಿ ಮಾತ್ರ ಬಾರದಿರುವುದಕ್ಕೆ ಕಾರಣ ಇದೇ. ಸರ್ವರ್‌ನಲ್ಲಿ ನಮ್ಮ ರಿಯಾಕ್ಟ್ ತಾಣದ ವಿಳಾಸವನ್ನು ಹೆಸರಿಸಿ ಅನುಮತಿ ಕೊಟ್ಟರೆ ಸಮಸ್ಯೆ ತೀರಿತು. ಆದರೆ ನಡೆಯುವುದೇನೆಂದರೆ, ವಿಳಾಸದ ಜಾಗದಲ್ಲಿ ನಕ್ಷತ್ರದ ಗುರುತು (*) ಹಾಕಿ ಊರಿಗೆಲ್ಲ ಬಾಗಿಲು ತೆರೆಯುತ್ತಾರೆ. ಆಮೇಲೆ ಲಾಗಿನ್ ಕುಕೀ ಸೇರಿದಾಗ, ಕುಕೀಯೊಂದಿಗೆ ಬಂದ ಕೋರಿಕೆಗೆ ನಕ್ಷತ್ರವನ್ನು ಬ್ರೌಸರ್ ಒಪ್ಪದ ಕಾರಣ ಅದೇ ದೋಷ ಮರಳಿ ಬರುತ್ತದೆ, ಮತ್ತೆ ಗೊಂದಲ. ಫಾರಂಗೆ 403 ಬಂದರೆ ಸಿಎಸ್‌ಆರ್‌ಎಫ್ ತಪಾಸಣೆಯನ್ನೇ ಆಫ್ ಮಾಡಿಬಿಡುತ್ತಾರೆ.

ಜಾಂಗೋ ತಾಣವನ್ನು ಸರ್ವರ್‌ಗೆ ಏರಿಸುವಾಗಲೂ ಇದೇ ಕತೆ. ದೋಷದ ವಿವರಗಳನ್ನು ಪರದೆಯಲ್ಲಿ ತೋರಿಸುವ ಡಿಬಗ್ ಸ್ಥಿತಿಯನ್ನು ಆಫ್ ಮಾಡಿದ ಕೂಡಲೇ, ಅನುಮತಿಸಿದ ಹೋಸ್ಟ್‌ಗಳ ಪಟ್ಟಿಯಲ್ಲಿ ತಾಣದ ಹೆಸರಿಲ್ಲದಿದ್ದರೆ 400 ಬರುತ್ತದೆ. ಪಟ್ಟಿ ಸರಿಪಡಿಸಿದರೆ ಚಿತ್ರ, ಬಣ್ಣ, ವಿನ್ಯಾಸವೆಲ್ಲ ಮಾಯವಾಗಿ ಬರಿಯ ಅಕ್ಷರಗಳು ಉಳಿಯುತ್ತವೆ. ಅಭಿವೃದ್ಧಿಯ ಹಂತದಲ್ಲಿ ಇಂತಹ ಸ್ಟ್ಯಾಟಿಕ್ ಕಡತಗಳನ್ನು ಜಾಂಗೋ ತಾನೇ ಬಡಿಸುತ್ತಿತ್ತು, ಇನ್ನು ಮುಂದೆ ಅವುಗಳನ್ನು ಒಂದೆಡೆ ಸಂಗ್ರಹಿಸಿ ವೆಬ್ ಸರ್ವರ್‌ಗೆ ವಹಿಸಬೇಕು ಎಂದು ಯಾರೂ ಹೇಳಿರುವುದಿಲ್ಲ. ಆದ್ದರಿಂದ ಮತ್ತೆ ಡಿಬಗ್ ಆನ್. ಆಮೇಲೆ ಆ ತಾಣದಲ್ಲಿ ಏನೇ ಎಡವಟ್ಟಾದರೂ ಕೋಡಿನ ತುಣುಕು, ಕಡತಗಳ ದಾರಿ, ಸೆಟ್ಟಿಂಗ್ಸ್‌ನ ಬಹುಭಾಗ ಯಾರು ಬೇಕಾದರೂ ನೋಡುವಂತೆ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಿದ್ದ ಲೋಗೊ ಲಿನಕ್ಸ್ ಸರ್ವರ್‌ನಲ್ಲಿ ಕಾಣದಿರುವುದು ಇನ್ನೊಂದು ನಿತ್ಯದ ಗೋಳು; ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆ ಎಂದೇ ಎಣಿಸುತ್ತದೆ, ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ.

ಮೇಲಿನವೆಲ್ಲ ಜಗತ್ತಿನ ಯಾವ ಮೂಲೆಯಲ್ಲಾದರೂ ಬರುವ ದೋಷಗಳು; ಹುಡುಕಿದರೆ ಅವುಗಳಿಗೆ ಉತ್ತರ ಸಿಗುತ್ತದೆ. ನಮ್ಮ ನೆಲದಲ್ಲಿ, ನಮ್ಮ ನುಡಿಯಲ್ಲಿ ಮಾತ್ರ ತಲೆದೋರುವ ದೋಷಗಳ ಕಡೆ ಯಾರೂ ಕಣ್ಣು ಹಾಯಿಸುತ್ತಿಲ್ಲ ಎಂಬುದು ನನ್ನ ಮುಖ್ಯ ತಕರಾರು.

ಹೋಂಸ್ಟೇ ಬುಕಿಂಗ್‌ನ ದಿನಾಂಕವನ್ನೇ ತೆಗೆದುಕೊಳ್ಳೋಣ. ಅತಿಥಿಗಳು ಕ್ಯಾಲೆಂಡರ್‌ನಲ್ಲಿ 15ನೇ ತಾರೀಕು ಶನಿವಾರವನ್ನು ಆರಿಸಿದರೆ, ಡೇಟಾಬೇಸ್‌ನಲ್ಲಿ 14, ಶುಕ್ರವಾರ ಎಂದು ದಾಖಲಾಗುತ್ತದೆ. ಜಾವಾಸ್ಕ್ರಿಪ್ಟ್‌ನ ಕ್ಯಾಲೆಂಡರ್ ಆ ದಿನವನ್ನು ನಮ್ಮ ಮಧ್ಯರಾತ್ರಿ 12 ಗಂಟೆ ಎಂದು ಹಿಡಿಯುತ್ತದೆ. ಸರ್ವರ್‌ಗೆ ಕಳುಹಿಸುವಾಗ ಅದನ್ನು ಐಎಸ್‌ಒ ಮಾದರಿಗೆ ಬದಲಿಸಿದರೆ ಜಾಗತಿಕ ಸಮಯವಾದ ಯುಟಿಸಿಗೆ ತಿರುಗುತ್ತದೆ. ಭಾರತೀಯ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ನಮ್ಮ ಶನಿವಾರದ ಮಧ್ಯರಾತ್ರಿ ಅಲ್ಲಿ ಶುಕ್ರವಾರ ಸಂಜೆ 6.30. ದಿನಾಂಕದ ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಂಡರೆ ಒಂದು ದಿನ ಕಳೆದುಹೋಯಿತು. ಅಮೆರಿಕದಲ್ಲಿ ಕುಳಿತು ಪಾಠದ ವಿಡಿಯೊ ಮಾಡಿದವರ ಯಂತ್ರದಲ್ಲಿ ಇದೇ ಕೋಡು ಸರಿಯಾಗಿಯೇ ಓಡುತ್ತದೆ, ಏಕೆಂದರೆ ಅವರ ಗಡಿಯಾರ ಯುಟಿಸಿಗಿಂತ ಹಿಂದಿದೆ. ಅವರ ಮಧ್ಯರಾತ್ರಿ ಯುಟಿಸಿಯಲ್ಲಿಯೂ ಅದೇ ದಿನದ ಬೆಳಗಿನ ಹೊತ್ತಾಗಿರುತ್ತದೆ. ಹಾಗಾಗಿ ವಿಡಿಯೊದಲ್ಲಿ ಈ ಎಚ್ಚರಿಕೆ ಇರುವುದಿಲ್ಲ, ನಮ್ಮ ಹುಡುಗರು ಅದನ್ನು ಸಾಲು ಬಿಡದೆ ನಕಲು ಮಾಡುತ್ತಾರೆ. ವಾರಾಂತ್ಯದ ಕೋಣೆಗಳಿಗೆ ನೂಕುನುಗ್ಗಲಿರುವ ಈ ಜಿಲ್ಲೆಯಲ್ಲಿ ಶನಿವಾರ ಶುಕ್ರವಾರವಾದರೆ ಮಾಲೀಕರ ಗತಿ ಏನೆಂದು ಹೇಳಬೇಕಾಗಿಲ್ಲ. ತಂಗುವ ದಿನಕ್ಕೆ ಗಂಟೆ, ನಿಮಿಷಗಳ ಅಗತ್ಯವೇ ಇಲ್ಲ. ವರ್ಷ, ತಿಂಗಳು, ದಿನ ಎಂಬ ಬರಿಯ ಅಕ್ಷರಸಾಲಾಗಿ ಕಳುಹಿಸಿ, ದಿನಾಂಕ ಮಾತ್ರ ಹಿಡಿಯುವ ಕಾಲಂನಲ್ಲಿ ಇಟ್ಟರೆ ದೋಷಕ್ಕೆ ಜಾಗವಿರುವುದಿಲ್ಲ.

ಮಲೆನಾಡಿನ ಸಿಗ್ನಲ್ ಇನ್ನೊಂದು ಪರೀಕ್ಷೆ. ಗುಡ್ಡದ ಓರೆಯಲ್ಲಿ ನಿಂತು ಫಾರಂ ಸಲ್ಲಿಸಿದವರಿಗೆ ಉತ್ತರ ತಡವಾದರೆ ಅವರು ಗುಂಡಿಯನ್ನು ಮತ್ತೆ ಒತ್ತುವುದು ಸಹಜ. ಮೊದಲ ಕೋರಿಕೆ ಸರ್ವರ್ ತಲುಪಿದ್ದು, ಉತ್ತರ ಮಾತ್ರ ದಾರಿಯಲ್ಲಿ ಸಿಕ್ಕಿಬಿದ್ದಿದ್ದರೆ ಒಂದೇ ಬುಕಿಂಗ್ ಎರಡಾಗುತ್ತದೆ. ಒಮ್ಮೆ ಒತ್ತಿದ ಮೇಲೆ ಗುಂಡಿಯನ್ನು ನಿಷ್ಕ್ರಿಯಗೊಳಿಸುವುದು ಅರ್ಧ ಪರಿಹಾರ ಮಾತ್ರ. ಪ್ರತಿ ಫಾರಂಗೆ ಒಂದು ವಿಶಿಷ್ಟ ಗುರುತನ್ನು ಕೊಟ್ಟು, ಅದೇ ಗುರುತಿನ ಎರಡನೆಯ ದಾಖಲೆಯನ್ನು ಡೇಟಾಬೇಸ್ ತಾನೇ ತಿರಸ್ಕರಿಸುವಂತೆ ಯೂನಿಕ್ ನಿಬಂಧನೆ ಹಾಕಬೇಕು. ಕಾಲೇಜಿನ ವೇಗದ ವೈಫೈನಲ್ಲಿ ಈ ದೋಷ ಎಂದೂ ಕಾಣಿಸಿಕೊಳ್ಳದು. ಬ್ರೌಸರ್‌ನ ಅದೇ ನೆಟ್‌ವರ್ಕ್ ಭಾಗದಲ್ಲಿ ಸಂಪರ್ಕವನ್ನು ಬೇಕೆಂದೇ ನಿಧಾನಗೊಳಿಸುವ ಸೌಲಭ್ಯವಿದೆ; ಅದನ್ನು ಬಳಸಿ ನೋಡಿದ ಒಂದು ತಂಡವೂ ನನಗೆ ಇದುವರೆಗೆ ಸಿಕ್ಕಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಪರಿಸ್ಥಿತಿ ಇನ್ನೂ ಬೇಸರ ತರುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಗೆಂದು ತುಂಬುವ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ, ಆದರೆ ತಾಣವನ್ನು ನಾಳೆ ಬಳಸುವ ಸಂಘದ ಕಾರ್ಯದರ್ಶಿ ಕನ್ನಡದಲ್ಲಿ ಬರೆಯುತ್ತಾರೆ. ಹೆಸರಿನ ಜಾಗದಲ್ಲಿ ಇಂಗ್ಲಿಷಿನ 26 ಅಕ್ಷರಗಳನ್ನಷ್ಟೇ ಒಪ್ಪುವ ತಪಾಸಣೆ ಹಾಕಿದ್ದರೆ ಕನ್ನಡದ ಹೆಸರು ಹೊಸ್ತಿಲಲ್ಲೇ ನಿಲ್ಲುತ್ತದೆ. ಅದನ್ನು ದಾಟಿದರೂ ಸ್ಲಗ್‌ನಲ್ಲಿ, ಅಂದರೆ ಹೆಸರಿನಿಂದ ಹುಟ್ಟುವ ಪುಟವಿಳಾಸದ ತುಣುಕಿನಲ್ಲಿ, ತೊಡಕು. ಜಾಂಗೋದ ಸ್ಲಗ್ ಮಾಡುವ ಕ್ರಿಯೆ ಮೂಲರೂಪದಲ್ಲಿ ಕನ್ನಡ ಅಕ್ಷರಗಳನ್ನೆಲ್ಲ ಅಳಿಸಿ ಖಾಲಿ ಪದ ಕೊಡುತ್ತದೆ, ಆ ಖಾಲಿ ಪದದಿಂದ ಪುಟದ ವಿಳಾಸ ಕಟ್ಟಲಾಗದೆ ದೋಷ ಬರುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಒಪ್ಪುವ ಆಯ್ಕೆಯನ್ನು ಆನ್ ಮಾಡಿದರೆ ತೀರಿತೆಂದುಕೊಂಡವರಿಗೆ ಇನ್ನೊಂದು ಅಚ್ಚರಿ ಕಾದಿದೆ: ಪೈಥಾನ್‌ನ ಪದತಪಾಸಣೆ ಕನ್ನಡದ ಮೂಲಾಕ್ಷರಗಳನ್ನು ಮಾತ್ರ ಅಕ್ಷರವೆಂದು ಎಣಿಸಿ, ಕಾಗುಣಿತದ ಗುರುತುಗಳನ್ನೂ ಒತ್ತು ಹುಟ್ಟಿಸುವ ಹಲಂತವನ್ನೂ ಕಸವೆಂದು ಕಿತ್ತುಹಾಕುವುದರಿಂದ, ‘ಕಾಫಿ’ ಎಂದು ಕೊಟ್ಟರೆ ವಿಳಾಸದಲ್ಲಿ ‘ಕಫ’ ಎಂದು ಬರುತ್ತದೆ. ಕಾಫಿ ಮಾರುವ ತಾಣಕ್ಕೆ ಇದಕ್ಕಿಂತ ಅಪಶಕುನ ಬೇಕೆ! ಸ್ಲಗ್ ಬದಲು ದಾಖಲೆಯ ಸಂಖ್ಯೆಯನ್ನೇ ವಿಳಾಸದಲ್ಲಿ ಇಡುವುದು ಸುಲಭದ ದಾರಿ. ಜಾವಾಸ್ಕ್ರಿಪ್ಟ್‌ನಲ್ಲಿ ತಪಾಸಣೆ ಬರೆಯುವವರು ಯೂನಿಕೋಡ್‌ನ ಅಕ್ಷರ ವರ್ಗದೊಂದಿಗೆ ಗುರುತು ವರ್ಗವನ್ನೂ ಸೇರಿಸಿದರೆ ಈ ಅನಾಹುತ ತಪ್ಪುತ್ತದೆ.

ಹುಡುಕಾಟದಲ್ಲಿ ಬರುವ ದೋಷ ಇದಕ್ಕಿಂತ ಸೂಕ್ಷ್ಮ. ಸದಸ್ಯರ ಪಟ್ಟಿಯಲ್ಲಿ ‘ಬಾಳೆಹೊನ್ನೂರು’ ಎಂದು ಹುಡುಕಿದರೆ ಕೆಲವರ ಹೆಸರು ಬರುತ್ತದೆ, ಅದೇ ಊರಿನ ಇನ್ನು ಕೆಲವರದು ಬರುವುದೇ ಇಲ್ಲ; ಪರದೆಯಲ್ಲಿ ಎರಡೂ ಊರು ಅಕ್ಷರಶಃ ಒಂದೇ ರೀತಿ ಕಾಣುತ್ತವೆ. ‘ಹೊ’ ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಗುರುತು ಮತ್ತು ಊಕಾರದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ದೀರ್ಘ ಓಕಾರವಾದರೆ ಮೂರಾಗಿಯೂ ಒಡೆಯುತ್ತದೆ. ಬೇರೆ ಬೇರೆ ಮೂಲಗಳಿಂದ ನಕಲಾಗಿ ಬಂದ ಪಠ್ಯದಲ್ಲಿ ಈ ಎರಡೂ ರೂಪಗಳು ಬೆರೆತಿದ್ದರೆ ನಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯದು, ಸಂಕೇತಗಳನ್ನಷ್ಟೇ ಹೋಲಿಸುವ ಪ್ರೋಗ್ರಾಂಗೆ ಅವು ಎರಡು ಬೇರೆ ಪದಗಳು. ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಪೈಥಾನ್‌ನಲ್ಲಿಯೂ ಜಾವಾಸ್ಕ್ರಿಪ್ಟ್‌ನಲ್ಲಿಯೂ ಇದು ಒಂದೇ ಸಾಲಿನ ಕೆಲಸ. ಆದರೆ ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಸಂಕೇತವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಅದನ್ನು ಅಳಿಸಿದರೆ ಹೆಸರಿನ ರೂಪವೇ ಕೆಡುವುದರಿಂದ, ತೋರಿಸಲು ಒಂದು ಕಾಲಂ, ಆ ಸಂಕೇತ ತೆಗೆದು ಹುಡುಕಲು ಇನ್ನೊಂದು ಕಾಲಂ ಇಟ್ಟುಕೊಳ್ಳುವುದು ಒಳ್ಳೆಯದು.

ಕನ್ನಡದ ಬದಲು ಪರದೆಯ ಮೇಲೆ ಬೇರೇನೋ ಕಂಡಾಗಲೂ ಅದು ಯಾವ ಬಗೆಯದು ಎಂದು ನೋಡುವ ಅಭ್ಯಾಸ ಬೇಕು. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ, ಬಹುಮಟ್ಟಿಗೆ ಪಠ್ಯ ಡೇಟಾಬೇಸ್ ಸೇರುವಾಗಲೇ ನಾಶವಾಗಿದೆ, ಮತ್ತೆ ಟೈಪ್ ಮಾಡದೆ ಗತಿಯಿಲ್ಲ. ತಲೆಯ ಮೇಲೆ ಗೆರೆ ಹೊತ್ತ ವಿದೇಶಿ ಅಕ್ಷರಗಳ ಸಾಲಿದ್ದರೆ, ಯುಟಿಎಫ್-8ರ (ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ಬೈಟ್‌ಗಳನ್ನು ಯಾರೋ ಬೇರೆ ಸಂಕೇತಪದ್ಧತಿಯಲ್ಲಿ ಓದುತ್ತಿದ್ದಾರೆ ಎಂದು ತಿಳಿಯಬೇಕು. ಮೂಲ ಇನ್ನೂ ಉಳಿದಿರುವ ಸಾಧ್ಯತೆ ಹೆಚ್ಚು. ಚೌಕದ ಪೆಟ್ಟಿಗೆಗಳಿದ್ದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ಹಳೆಯ ಕಡತವನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಯೂನಿಕೋಡ್ ಪೂರ್ವದ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಪಠ್ಯವಾಗಿರಬಹುದು. ಪರಿವರ್ತಕದ ಮೂಲಕ ಹಾಯಿಸದೆ ಅದನ್ನು ಡೇಟಾಬೇಸ್‌ಗೆ ತುಂಬಬಾರದು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಹೊಸದಾಗಿ ಆರಂಭಿಸುವವರು ಯುಟಿಎಫ್8ಎಂಬಿ4 ಸಂಕೇತಪದ್ಧತಿ ಆರಿಸಿಕೊಂಡರೆ ಕನ್ನಡದ ಜೊತೆಗೆ ಎಮೋಜಿಯೂ ಸುರಕ್ಷಿತ.

ಉಳಿದ ಕೆಲವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪುಟ ನಿಧಾನವಾಗಿದೆ ಎಂದು ಸರ್ವರ್ ಬದಲಿಸುವ ಮೊದಲು ಡೇಟಾಬೇಸ್‌ಗೆ ಎಷ್ಟು ಕ್ವೆರಿ (ಪ್ರಶ್ನೆ) ಹೋಗುತ್ತಿದೆ ಎಂದು ಎಣಿಸಿ; 200 ಸದಸ್ಯರ ಪಟ್ಟಿಯಲ್ಲಿ ಪ್ರತಿಯೊಬ್ಬರ ಊರನ್ನು ಬೇರೆಯಾಗಿ ಕೇಳುತ್ತಿದ್ದರೆ 201 ಕ್ವೆರಿ ಆಗುತ್ತದೆ, ಅದನ್ನು ಒಂದೆರಡಕ್ಕೆ ಇಳಿಸುವ ಸೌಲಭ್ಯ ಜಾಂಗೋದಲ್ಲಿಯೂ ಲಾರಾವೆಲ್‌ನಲ್ಲಿಯೂ ಇದೆ. ರಿಯಾಕ್ಟ್ 18ರಲ್ಲಿ ಒಂದೇ ಕೋರಿಕೆ ಎರಡು ಸಲ ಹೋಗುತ್ತಿದೆ ಎಂದು ಗಾಬರಿಪಡುವವರು ತಪ್ಪು ಬಯಲಾಗಲೆಂದು ಕೋಡನ್ನು ಎರಡು ಸಲ ಓಡಿಸುವ ಸ್ಟ್ರಿಕ್ಟ್ ಮೋಡ್ ಇದೆಯೇ ನೋಡಲಿ. ಅಭಿವೃದ್ಧಿಯ ಹಂತದಲ್ಲಿ ಅದು ಉದ್ದೇಶಪೂರ್ವಕ. ನಿನ್ನೆ ಓಡುತ್ತಿದ್ದದ್ದು ಇಂದು ಓಡದಿದ್ದರೆ, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನ ಬೈಸೆಕ್ಟ್ ಆದೇಶ ಪ್ರತಿ ಹೆಜ್ಜೆಗೂ ಶಂಕಿತ ಬದಲಾವಣೆಗಳನ್ನು ಅರ್ಧಕ್ಕೆ ಇಳಿಸುತ್ತದೆ. ಸಾವಿರ ಬದಲಾವಣೆಗಳ ನಡುವಿನ ತಪ್ಪನ್ನು ಸುಮಾರು ಹತ್ತು ಹೆಜ್ಜೆಯಲ್ಲಿ ಹಿಡಿಯಬಹುದು. ಎಐ ಸಹಾಯಕರನ್ನು ನಾನೂ ಬಳಸುತ್ತೇನೆ, ವಿದ್ಯಾರ್ಥಿಗಳು ಬಳಸುವುದಕ್ಕೂ ನನ್ನ ಆಕ್ಷೇಪವಿಲ್ಲ. ಆದರೆ ಯಾವ ಕೋರಿಕೆಗೆ ಯಾವ ಉತ್ತರ ಬಂತು, ಏನು ನಿರೀಕ್ಷಿಸಿದ್ದೆವು ಎಂದು ಹೇಳಬಲ್ಲವರಿಗೆ ಮಾತ್ರ ಅವು ನೆರವಾಗುತ್ತವೆ. ಮೂರು ತಿದ್ದುಪಡಿಗಳನ್ನು ಒಟ್ಟಿಗೆ ಅಂಟಿಸಿ, ಓಡಿತೆಂದು ಮುಂದೆ ಹೋದವರಿಗೆ ಯಾವುದರಿಂದ ಓಡಿತೆಂಬುದೇ ತಿಳಿದಿರುವುದಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2021ರ ಸ್ಕೀಮ್‌ನಲ್ಲಿ ಫುಲ್ ಸ್ಟಾಕ್ ಡೆವಲಪ್‌ಮೆಂಟ್ ಎಂಬ ವಿಷಯ ಜಾಂಗೋವನ್ನು ಆಧರಿಸಿಯೇ ಬಂದದ್ದು ಸ್ವಾಗತಾರ್ಹ. ಪಠ್ಯಕ್ರಮ ಬದಲಾಗುವವರೆಗೆ ಕಾಯದೆ ಕಾಲೇಜುಗಳು ಆಂತರಿಕ ಮೌಲ್ಯಮಾಪನದಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಅಧ್ಯಾಪಕರು ಸರಿಯಾಗಿ ಓಡುವ ಒಂದು ಚಿಕ್ಕ ಅಪ್ಲಿಕೇಷನ್ ತೆಗೆದುಕೊಂಡು ಅದರಲ್ಲಿ ಐದು ದೋಷಗಳನ್ನು ಬೇಕೆಂದೇ ಇಡಲಿ: ಓಡಿಸದೆ ಬಿಟ್ಟ ಒಂದು ಮೈಗ್ರೇಷನ್ (ಡೇಟಾಬೇಸ್ ರಚನೆಯ ಬದಲಾವಣೆ), ಒಂದು ಕಾರ್ಸ್ ತಡೆ, ಒಂದು ದಿನ ಹಿಂದೆ ಹೋಗುವ ದಿನಾಂಕ, ಪ್ರತಿ ಸಾಲಿಗೂ ಓಡುವ ಕ್ವೆರಿ, ಕನ್ನಡ ಹೆಸರು ಸಿಗದ ಹುಡುಕಾಟ. ಎರಡು ಗಂಟೆಯ ಅವಧಿ ಕೊಟ್ಟು, ಸರಿಪಡಿಸಿದ ಕೋಡಿನ ಜೊತೆಗೆ ಒಂದು ಪುಟದ ಟಿಪ್ಪಣಿಯನ್ನೂ ಕೇಳಲಿ. ಲಕ್ಷಣ ಏನಿತ್ತು, ಮೊದಲು ಎಲ್ಲಿ ನೋಡಿದೆ, ಯಾವ ಸಾಕ್ಷ್ಯದಿಂದ ಯಾವ ಪದರವನ್ನು ಶಂಕೆಯಿಂದ ಕೈಬಿಟ್ಟೆ, ಕೊನೆಗೆ ಯಾವ ಒಂದು ಬದಲಾವಣೆ ಫಲಿಸಿತು ಎಂಬುದು ಅದರಲ್ಲಿರಬೇಕು. ಅರ್ಧದಷ್ಟು ಅಂಕ ಈ ಟಿಪ್ಪಣಿಗೇ ಮೀಸಲಾಗಲಿ. ದೋಷ ಸಿಗದಿದ್ದರೂ ಹುಡುಕಿದ ದಾರಿ ಸರಿಯಿದ್ದವರಿಗೆ ಅಂಕ ಸಿಗಬೇಕು. ಕಾವಲನ್ನೇ ತೆಗೆದುಹಾಕಿ ದೋಷ ಮರೆಸಿದವರಿಗೆ ಸಿಗಬಾರದು. ಇದಕ್ಕೆ ಹೊಸ ಪ್ರಯೋಗಾಲಯ ಬೇಡ, ಹಣವೂ ಬೇಡ. ಅಧ್ಯಾಪಕರ ಒಂದು ಸಂಜೆಯ ತಯಾರಿ ಸಾಕು. ಪ್ರಾಜೆಕ್ಟ್ ಮೌಖಿಕ ಪರೀಕ್ಷೆಗೆ ಬರುವ ಹೊರಗಿನ ಪರೀಕ್ಷಕರೂ ಲಾಗಿನ್ ಪುಟ ತೋರಿಸಿ ಎನ್ನುವ ಬದಲು, ಸಂಪರ್ಕವನ್ನು ನಿಧಾನಗೊಳಿಸಿ, ಕನ್ನಡದಲ್ಲಿ ಒಂದು ಹೆಸರು ತುಂಬಿ, ಶನಿವಾರದ ದಿನಾಂಕ ಆರಿಸಿ ಸಲ್ಲಿಸಿ ಎಂದು ಕೇಳಲಿ ಎಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ ಓದುಗ,
ವೆಬ್ ತಂತ್ರಾಂಶ ವೃತ್ತಿಯವನು,
ಚಿಕ್ಕಮಗಳೂರು